ಹಟ್ಟಿಯ ಒಪ್ಪಿಗೆ ಕೇಳುವ ಸೇವೆ: ‘ಸಮುದಾಯ ಸಮಾಲೋಚನೆ’ಯನ್ನು ಬಳಸಿ ನೋಡಿದ ಮೇಲೆ

ಚಿತ್ರದುರ್ಗದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿರುವ ನಾನು ಹೊರಜಿಲ್ಲೆಯ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೇನೆ. ಬುಡಕಟ್ಟು, ಪಶುಪಾಲಕ ಮತ್ತು ಅಲೆಮಾರಿ ಸಮುದಾಯಗಳ ನಡುವೆ ಕ್ಷೇತ್ರಕಾರ್ಯ ಮಾಡುವವರಿಗಾಗಿ ಆ ವಿಶ್ವವಿದ್ಯಾಲಯ ‘ಸಮುದಾಯ ಸಮಾಲೋಚನೆ’ ಎಂಬ ಸೇವೆಯೊಂದನ್ನು ನಡೆಸುತ್ತದೆ. ಸಂಶೋಧಕರು ಹಟ್ಟಿಗೋ ತಾಂಡಾಕ್ಕೋ ಕಾಲಿಡುವ ಮೊದಲು ಅಲ್ಲಿಯವರನ್ನು ಕೂಡಿಸಿ, ಅಧ್ಯಯನ ಏನು, ಏಕೆ, ಅದರಿಂದ ಯಾರಿಗೇನು ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಅವರು ಹೇಳಿದ್ದನ್ನು ಬರೆದುಕೊಂಡು, ಅದಕ್ಕೆ ತಕ್ಕಂತೆ ಅಧ್ಯಯನದ ರೂಪುರೇಷೆಯನ್ನು ತಿದ್ದಿಸುವುದು ಈ ಸೇವೆಯ ಕೆಲಸ. ಕಳೆದ ಒಂದೂವರೆ ವರ್ಷದಲ್ಲಿ ಇದನ್ನು ಅರ್ಜಿಯಿಂದ ಹಿಡಿದು ಕೊನೆಯ ಪತ್ರದವರೆಗೆ ನಾನು ಬಳಸಿದ್ದೇನೆ. ನಮ್ಮ ಭಾಗದಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಹೆಚ್ಚುತ್ತಿರುವುದರಿಂದ, ಇದರ ಗುಣದೋಷಗಳನ್ನು ಬರೆದಿಟ್ಟರೆ ಉಪಯೋಗವಾದೀತೆಂದು ಈ ವಿಮರ್ಶೆ. ವಿಶ್ವವಿದ್ಯಾಲಯದ ಹೆಸರನ್ನು ಹೇಳುತ್ತಿಲ್ಲ. ನನ್ನ ಪ್ರಬಂಧ ಇನ್ನೂ ಅಲ್ಲಿ ಮೌಲ್ಯಮಾಪನಕ್ಕೆ ಹೋಗಬೇಕಿದೆ ಎಂಬುದೂ ಅದಕ್ಕೊಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ಮೊದಲೇ ಒಂದು ಮಾತು ಹೇಳಬೇಕು. ಈ ಸೇವೆ ನನಗೆ ಬೇಕಿರಲಿಲ್ಲ. ನಾನು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ. ನನ್ನ ಅಧ್ಯಯನವೂ ಅದೇ ಸೀಮೆಯ ಕಾಡುಗೊಲ್ಲ ಹೆಣ್ಣುಮಕ್ಕಳ ಪದಗಳ, ಎಂದರೆ ಹಾಡುಗಳ ಮೇಲೆ, ಜೊತೆಗೆ ಕುರಿಗಳಿಗೆ ಮಾಡುವ ನಾಟಿ ಔಷಧಿಯ ಮೇಲೆ. ನನ್ನ ಅವ್ವ, ಅಜ್ಜಿ, ದೊಡ್ಡವ್ವಂದಿರು ಹಾಡಿದ್ದನ್ನು ನಾನು ಬರೆದುಕೊಳ್ಳಲು ಯಾರೋ ಹೊರಗಿನವರ ಸಮಿತಿ ಬಂದು ಕೂಟ ಸೇರಿಸಬೇಕೇ ಎಂಬ ಸಿಟ್ಟಿನಲ್ಲೇ ನಾನು ಅರ್ಜಿ ತುಂಬಿದ್ದು. ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ನಾಡೋಜರಾದ ನೆಲದಿಂದ ಬಂದವಳು ನಾನು, ನನಗೆ ಪದದ ಬೆಲೆ ಗೊತ್ತಿಲ್ಲವೇ ಎಂಬ ಜಂಬವೂ ಇತ್ತು. ಆ ಜಂಬ ಎಲ್ಲಿ ಇಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಇಂಥ ಸೇವೆ ಏಕೆ ಬೇಕಾಯಿತೆಂಬುದಕ್ಕೆ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಎಲ್ಲಿಂದಲೋ ಬಂದ ಸಂಶೋಧಕರೊಬ್ಬರು ಮೂರು ರಾತ್ರಿ ನಮ್ಮ ಹಟ್ಟಿಯಲ್ಲಿ ಉಳಿದು, ನಮ್ಮಜ್ಜಿಯಿಂದ ಪದ ಹಾಡಿಸಿ, ಕ್ಯಾಸೆಟ್ಟುಗಳಲ್ಲಿ ತುಂಬಿಸಿಕೊಂಡು ಹೋದರು. ‘ಒಂದು ಪ್ರತಿ ನಿಮಗೂ ಕಳಿಸುತ್ತೇನೆ’ ಎಂದಿದ್ದರು. ನಮ್ಮಪ್ಪ ಆ ಮಾತು ನಂಬಿ ಚಳ್ಳಕೆರೆಯ ಸಂತೆಯಿಂದ ಹಳೆಯದೊಂದು ಟೇಪ್ ರೆಕಾರ್ಡರ್ ತಂದಿಟ್ಟರು. ಪ್ರತಿ ಬರಲಿಲ್ಲ. ಅಜ್ಜಿ ತೀರಿಕೊಂಡ ವರ್ಷ ನಾನು ಆ ಸಂಶೋಧಕರ ವಿಳಾಸ ಹುಡುಕಿ ಎರಡು ಪತ್ರ ಬರೆದೆ, ಉತ್ತರವೂ ಬರಲಿಲ್ಲ. ಅಜ್ಜಿಯ ದನಿ ಈಗಲೂ ಯಾವುದೋ ಕಪಾಟಿನಲ್ಲಿ ಇರಬಹುದು, ಬೂಷ್ಟು ಹಿಡಿದು ಹಾಳಾಗಿರಲೂಬಹುದು. ನಮ್ಮ ಮನೆಯಲ್ಲಿ ಉಳಿದದ್ದು ಟೇಪ್ ರೆಕಾರ್ಡರ್ ಮಾತ್ರ.

ಇನ್ನು ಸೇವೆಯ ವಿಷಯ. ಅರ್ಜಿ ನಾಲ್ಕು ಪುಟದ್ದು, ಶುಲ್ಕವಿಲ್ಲ. ಅದರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು, ಬಹಳ ಕಾಡಿಸಿದ್ದು ಕೂಡ, ಅಧ್ಯಯನದ ಸಾರಾಂಶವನ್ನು ಒಂದೇ ಪುಟದಲ್ಲಿ, ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿದರೆ ಅರ್ಥವಾಗುವಂತೆ ಬರೆಯಬೇಕೆಂಬ ನಿಯಮ. ಕನ್ನಡದ ಮೇಷ್ಟರಿಗೆ ಇದೇನು ದೊಡ್ಡ ಮಾತು ಎಂದುಕೊಂಡು ಅರ್ಧ ಗಂಟೆಯಲ್ಲಿ ಬರೆದು ಕಳಿಸಿದೆ. ಮೂರು ಸಲ ವಾಪಸ್ಸು ಬಂತು. ಮೊದಲ ಸಲ ‘ಮೌಖಿಕ ಪರಂಪರೆ’, ‘ದತ್ತಾಂಶ’, ‘ಲಿಂಗಾಧಾರಿತ ಅಭಿವ್ಯಕ್ತಿ’ ಎಂಬ ಪದಗಳ ಕೆಳಗೆ ಗೆರೆ ಎಳೆದಿತ್ತು. ಎರಡನೆಯ ಸಲ ‘ಈ ಅಧ್ಯಯನದಿಂದ ಸಮುದಾಯಕ್ಕೆ ಪ್ರಯೋಜನವಾಗಲಿದೆ’ ಎಂಬ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಯಾವ ಪ್ರಯೋಜನ? ಯಾವಾಗ?’ ಎಂದು ಬರೆದಿತ್ತು. ಆ ವಾಕ್ಯಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಿಎಚ್.ಡಿ. ಮುಗಿದರೆ ನನಗೆ ಬಡ್ತಿ ಸಿಗಬಹುದು, ಹಟ್ಟಿಗೆ ಸಿಗುವುದು ಹಾಡುಗಳ ಒಂದು ಪ್ರತಿ, ಅಷ್ಟೇ. ಕೊನೆಗೆ ಅದನ್ನೇ ಹಾಗೆಯೇ ಬರೆದೆ, ಅರ್ಜಿ ಅಂಗೀಕಾರವಾಯಿತು. ಸಮಾಲೋಚನೆಗೆ ಬರುವ ತಂಡದಲ್ಲಿ ಐವರು: ವಿಭಾಗದ ಅಧ್ಯಾಪಕರೊಬ್ಬರು, ಬೇರೆ ಹಟ್ಟಿಗಳ ಹಿರಿಯರಿಬ್ಬರು, ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು, ನಡಾವಳಿ ಬರೆಯುವ ಹುಡುಗನೊಬ್ಬ. ಇದು ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ನೀತಿ ಸಮಿತಿಯ ಅನುಮತಿಗೆ ಬದಲಿಯಲ್ಲ ಎಂಬುದನ್ನು ಹೊಸಬರು ಗಮನಿಸಬೇಕು; ಅದು ಬೇರೆ, ಇದು ಬೇರೆ, ಎರಡೂ ಬೇಕು.

ಅರ್ಜಿಯ ಎರಡನೆಯ ಪುಟದಲ್ಲಿ ಒಂದು ಗಂಭೀರ ದೋಷವಿದೆ. ‘ಅಧ್ಯಯನಕ್ಕೆ ಒಳಪಡುವ ಸಮುದಾಯ ಪರಿಶಿಷ್ಟ ಪಂಗಡವೇ?’ ಎಂಬ ಕಲಂ ಇದ್ದು, ‘ಅಲ್ಲ’ ಎಂದು ಗುರುತು ಹಾಕಿದರೆ ಮುಂದಿನ ಅರ್ಧ ಪುಟದಷ್ಟು ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗಬಹುದು. ಇದರ ಬೇರು ಎಲ್ಲಿದೆಯೆಂದು ಊಹಿಸಬಲ್ಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನೀತಿ ಮಾರ್ಗಸೂಚಿಯಲ್ಲಿ ಬುಡಕಟ್ಟು ಜನರ ಬಗ್ಗೆ ಪ್ರತ್ಯೇಕ ಭಾಗವೇ ಇದೆ: ಬುಡಕಟ್ಟು ಪ್ರದೇಶಕ್ಕೆ ಹೋಗುವ ಮೊದಲು ಆಡಳಿತದ ಅನುಮತಿ ಪಡೆಯಬೇಕು, ಹಿರಿಯರೊಡನೆ ಮತ್ತು ಅಲ್ಲಿಯ ಮಾತು ಬಲ್ಲವರೊಡನೆ ಸಮಾಲೋಚಿಸಿ ಸಾಕ್ಷಿಯ ಸಮ್ಮುಖದಲ್ಲಿ ಒಪ್ಪಿಗೆ ಪಡೆಯಬೇಕು, ಯಜಮಾನ ಒಪ್ಪಿದರೂ ಪ್ರತಿಯೊಬ್ಬ ವ್ಯಕ್ತಿಯನ್ನೂ ಬೇರೆಯಾಗಿ ಕೇಳಬೇಕು, ಅವರ ಅರಿವಿನಿಂದ ವ್ಯಾಪಾರದ ಲಾಭ ಹುಟ್ಟುವುದಾದರೆ ಅದರಲ್ಲಿ ಅವರಿಗೂ ಪಾಲಿರಬೇಕು. ಒಳ್ಳೆಯ ಮಾತುಗಳೇ. ಆದರೆ ಆ ಮಾರ್ಗಸೂಚಿ ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಗೆ ಬರೆದದ್ದು. ಪದ ಸಂಗ್ರಹಿಸುವವರನ್ನು ಅದು ಕಟ್ಟಿಹಾಕುವುದಿಲ್ಲ. ಮೇಲಾಗಿ ಕರ್ನಾಟಕದಲ್ಲಿ ಮ್ಯಾಸಬೇಡರು ನಾಯಕ ಸಮುದಾಯದ ಭಾಗವಾಗಿ ಪರಿಶಿಷ್ಟ ಪಂಗಡದಲ್ಲಿದ್ದಾರೆ, ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಕಾಡುಗೊಲ್ಲರು ಇನ್ನೂ ಹಿಂದುಳಿದ ವರ್ಗದಲ್ಲೇ ಇದ್ದು ಪಂಗಡಕ್ಕೆ ಸೇರಿಸಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ. ಒಂದೇ ಅಡವಿಯಲ್ಲಿ ದನ, ಕುರಿ ಮೇಯಿಸಿಕೊಂಡು, ತಮ್ಮ ತಮ್ಮ ಕುಲದ ವೀರರನ್ನು ಪೂಜಿಸಿಕೊಂಡು ಬಂದವರಲ್ಲಿ ಒಬ್ಬರಿಗೆ ಅರ್ಧ ಪುಟದ ರಕ್ಷಣೆ, ಇನ್ನೊಬ್ಬರಿಗೆ ‘ಮುಂದಿನ ಪ್ರಶ್ನೆಗೆ ಹೋಗಿ’ ಎಂಬ ಸೂಚನೆ! ಸಮಾಲೋಚನೆಯ ಅಗತ್ಯವನ್ನು ಸರ್ಕಾರದ ಪಟ್ಟಿಯಿಂದ ತೀರ್ಮಾನಿಸಬಾರದೆಂದು ನಾನು ಲಿಖಿತವಾಗಿ ತಿಳಿಸಿದ್ದೇನೆ. ಕಲಂ ಇನ್ನೂ ಹಾಗೆಯೇ ಇದೆ.

ಈ ಪಟ್ಟಿಯ ವಿಷಯಕ್ಕೆ ಇನ್ನೊಂದು ಮಗ್ಗುಲೂ ಇದೆ. ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಮಾತು ನಮ್ಮ ಹಟ್ಟಿಗಳಲ್ಲಿ ಅಕ್ಷರ ಬಾರದವರಿಗೂ ಗೊತ್ತು, ಏಕೆಂದರೆ ಮೀಸಲಾತಿಯ ಕಡತ ಅಂಥದೊಂದು ವರದಿಯ ಮೇಲೆ ನಡೆಯುತ್ತದೆ. ಆದ್ದರಿಂದ ಕೈಯಲ್ಲಿ ಪುಸ್ತಕ, ಪೆನ್ನು ಹಿಡಿದು ಬಂದ ಯಾರನ್ನೇ ಆಗಲಿ ‘ಎಸ್‌ಟಿ ಮಾಡ್ಸೋಕೆ ಬಂದೋರು’ ಎಂದೇ ಭಾವಿಸಿ, ಕೇಳಿದ್ದನ್ನೆಲ್ಲ ಕೊಡುತ್ತಾರೆ, ಕೇಳದ್ದನ್ನೂ ಕೊಡುತ್ತಾರೆ. ಆ ಆಸೆಯ ಮೇಲೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ತಂಡದ ಹಿರಿಯರೊಬ್ಬರು ಮೊದಲ ಕೂಟದ ಮೊದಲ ವಾಕ್ಯವಾಗಿಯೇ ‘ಈ ಮೇಡಂ ಬರ್ಯೋದಕ್ಕೂ ಎಸ್‌ಟಿಗೂ ಏನೂ ಸಂಬಂಧ ಇಲ್ಲ, ಇದನ್ನ ಮೊದ್ಲು ತಲೇಲಿ ಇಟ್ಕಳ್ರಿ’ ಎಂದು ಹೇಳಿದಾಗ ನಾಲ್ಕಾರು ಮಂದಿ ಎದ್ದು ಹೋದರು. ನನಗೆ ಮುಖ ಸಣ್ಣದಾಯಿತು. ಈಗ ಯೋಚಿಸಿದರೆ, ಇಡೀ ಸೇವೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಗಳಿಗೆ ಅದೇ ಆಗಿತ್ತು.

ಆ ಮೊದಲ ಕೂಟವಾದರೋ ಹೆಚ್ಚುಕಡಿಮೆ ವಿಫಲ. ತಂಡದವರು ತಮ್ಮ ಅನುಕೂಲ ನೋಡಿಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ಬಂದರು. ಕುರಿ ಹೊಡೆದುಕೊಂಡು ಹೋದ ಗಂಡಸರು ಹಟ್ಟಿಗೆ ಮರಳುವುದು ಹೊತ್ತು ಮುಳುಗಿದ ಮೇಲೆ. ಉಳಿದವರು ಮುದುಕರು ಮತ್ತು ಶಾಲೆಗೆ ಚಕ್ಕರ್ ಹೊಡೆದ ಹುಡುಗರು. ಕೂಟ ಸೇರಿಸಿದ್ದು ನಮ್ಮ ಕುಲದ ವೀರ ಜುಂಜಪ್ಪನ ಗುಡಿಯ ಮುಂದಿನ ಕಟ್ಟೆಯ ಮೇಲೆ. ಗೌರವದ ಜಾಗವೆಂದು ಗೌಡರೇ ತೋರಿಸಿದ ಸ್ಥಳ ಅದು, ನಾನೂ ಅದರಲ್ಲಿ ತಪ್ಪು ಕಾಣಲಿಲ್ಲ. ಹೆಣ್ಣುಮಕ್ಕಳ ಪದಗಳ ಬಗೆಗಿನ ಕೂಟಕ್ಕೆ ಬಂದ ಹೆಣ್ಣುಮಕ್ಕಳು ನಾಲ್ವರು, ಅವರೂ ವಯಸ್ಸಾದವರು. ನಡಾವಳಿ ಬರೆಯುವ ಹುಡುಗ ‘ಮಹಿಳೆಯರ ಹಾಜರಾತಿ ಕಡಿಮೆ’ ಎಂದು ಬರೆದುಕೊಂಡು ಮುಗಿಸುತ್ತಿದ್ದನೇನೋ. ನಿವೃತ್ತ ಆರೋಗ್ಯ ಸಹಾಯಕಿ ಮಾತ್ರ ಎದ್ದು ಹಟ್ಟಿಯ ಬೇಲಿಯ ಆಚೆ ನಡೆದುಹೋದರು. ಮುಟ್ಟಾದ ಹೆಂಗಸರು ಹಟ್ಟಿಯ ಹೊರಗೆ ಕೂರುವ ಪದ್ಧತಿ ನಮ್ಮಲ್ಲಿ ಕೆಲವು ಕಡೆ ಸಡಿಲವಾಗಿದ್ದರೂ ಪೂರಾ ಹೋಗಿಲ್ಲ. ಗುಡಿಯ ಕಟ್ಟೆಯ ಹತ್ತಿರಕ್ಕಂತೂ ಆ ದಿನಗಳಲ್ಲಿ ಯಾರೂ ಬರುವುದಿಲ್ಲ. ಆಕೆ ಬೇವಿನ ಮರದ ಕೆಳಗೆ ಮಗುವಿಗೆ ಹಾಲೂಡಿಸುತ್ತ ಕೂತಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂತು ಹತ್ತು ನಿಮಿಷ ಮಾತಾಡಿ ಬಂದು, ಮುಂದಿನ ಕೂಟ ಗುಡಿಯ ಮುಂದಲ್ಲ, ಬೇಲಿಯ ಹೊರಗೆ ಆ ಮರದ ಕೆಳಗೆ, ಅದೂ ಸಂಜೆ ಏಳರ ಮೇಲೆ ಎಂದು ತೀರ್ಮಾನ ಹೇಳಿದರು. ಆ ಪದ್ಧತಿಯನ್ನು ನಾನು ಒಪ್ಪುವವಳಲ್ಲ, ಕಾಲೇಜು ಸೇರಿದ ಮೇಲೆ ಪಾಲಿಸಿದವಳೂ ಅಲ್ಲ. ಆದರೆ ಅದನ್ನು ಟೀಕಿಸಿ ಲೇಖನ ಬರೆದಿದ್ದ ನನಗೆ, ಕೂಟದ ಜಾಗವೇ ಅರ್ಧ ಹಟ್ಟಿಯ ಬಾಯಿ ಮುಚ್ಚಿಸಿದೆಯೆಂದು ಹೊಳೆಯಲಿಲ್ಲ. ಹೊರಗಿನವರಾದ ಆಕೆಗೆ ಹೊಳೆಯಿತು.

ಮೂರು ವಾರ ಬಿಟ್ಟು ನಡೆದ ಎರಡನೆಯ ಕೂಟಕ್ಕೆ ಅರುವತ್ತಕ್ಕೂ ಹೆಚ್ಚು ಜನ ಬಂದರು, ಹೆಂಗಸರೇ ಹೆಚ್ಚು. ಅಧ್ಯಾಪಕರು ಉಪನ್ಯಾಸ ಬಿಟ್ಟು ಕಥೆ ಹೇಳಿದರು, ಅದು ಕೆಲಸ ಮಾಡಿತು. ಅಮೆರಿಕದ ಅರಿಜೋನಾದಲ್ಲಿ ದೊಡ್ಡ ಕಣಿವೆಯ ತಳದಲ್ಲಿ ಬದುಕುವ ಹವಸುಪೈ ಎಂಬ ಸಣ್ಣ ಬುಡಕಟ್ಟಿದೆ. ಆ ಜನರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿದೆಯೆಂದು 1990ರ ಸುಮಾರಿಗೆ ಅಲ್ಲಿಯ ರಾಜ್ಯ ವಿಶ್ವವಿದ್ಯಾಲಯದವರು ರಕ್ತ ತೆಗೆದುಕೊಂಡರು. ಆಮೇಲೆ ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಅಧ್ಯಯನಕ್ಕೂ ಆ ಜನ ಎಲ್ಲಿಂದ ವಲಸೆ ಬಂದರೆಂಬ ಅಧ್ಯಯನಕ್ಕೂ ಬಳಸಿದರು. ತಾವು ಆ ಕಣಿವೆಯಲ್ಲೇ ಹುಟ್ಟಿದವರೆಂಬ ಅವರ ನಂಬಿಕೆಗೆ ಅದು ನೇರ ಪೆಟ್ಟಾಗಿತ್ತು. ಮೊಕದ್ದಮೆ ವರ್ಷಗಟ್ಟಲೆ ನಡೆದು 2010ರಲ್ಲಿ ರಾಜಿಯಾಯಿತು: 41 ಮಂದಿಗೆ ಒಟ್ಟು 7 ಲಕ್ಷ ಡಾಲರ್, ಜೊತೆಗೆ ಉಳಿದಿದ್ದ ರಕ್ತದ ಮಾದರಿಗಳ ವಾಪಸಾತಿ. ಇಷ್ಟು ಕೇಳಿದ ಮೇಲೆ ಹಿಂದಿನಿಂದ ಕುರಿಗಾಹಿಯೊಬ್ಬರು, ‘ದುಡ್ಡು ಬಿಡ್ರಿ ಸಾ, ರಕ್ತ ವಾಪಸ್ ಇಸ್ಕಂಡ್ರಲ್ಲ, ಅದು ದೊಡ್ಡದು’ ಎಂದರು. ಕೂಟದಲ್ಲಿ ಗುಜುಗುಜು ಎದ್ದಿತು. ಕೊಟ್ಟಿದ್ದನ್ನು ವಾಪಸ್ಸು ಕೇಳಬಹುದು ಎಂಬುದೇ ಅಲ್ಲಿದ್ದ ಬಹಳ ಮಂದಿಗೆ ಹೊಸ ಸುದ್ದಿಯಾಗಿತ್ತು.

ಅದಾದ ಮೇಲೆ ನನ್ನ ದೊಡ್ಡಜ್ಜಿ, ಎಂದರೆ ನಮ್ಮಜ್ಜಿಯ ಅಕ್ಕ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ನನ್ನನ್ನೇ ಕೇಳಿದರು. ‘ಅಲ್ಲ ಮಗಾ, ನಮ್ ಪದ ತಗಂಡೋಗಿ ಎಲ್ಲಿ ಇಡ್ತೀಯ?’ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಎಂದೆ. ‘ಇಟ್ಟ ಮನೆಗೆ ಬಾಗ್ಲು ಐತಾ?’ ಇದೆ ಎಂದೆ. ‘ಬೀಗದ ಕೈ ಯಾರ್ ತಾವ ಇರ್ತೈತೆ?’ ನಾನು ಅಧ್ಯಾಪಕರ ಮುಖ ನೋಡಿದೆ, ಅವರು ನೆಲ ನೋಡಿದರು. ಕೆನಡಾದ ಮೂಲನಿವಾಸಿಗಳು 1998ರಲ್ಲಿ ತಮ್ಮ ಮಾಹಿತಿಯ ಒಡೆತನ, ಹತೋಟಿ, ಲಭ್ಯತೆ, ಸ್ವಾಧೀನ ಎಂಬ ನಾಲ್ಕು ಸೂತ್ರಗಳನ್ನು ರೂಪಿಸಿ ವಿಶ್ವವಿದ್ಯಾಲಯಗಳ ಮುಂದಿಟ್ಟಿದ್ದನ್ನು ನಾನು ಓದಿದ್ದೆ, ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ಅದೇ ನಾಲ್ಕೂ ಮಾತುಗಳನ್ನು ದೊಡ್ಡಜ್ಜಿ ಬಾಗಿಲು, ಬೀಗ, ಕೈ ಎಂದು ಮೂರೇ ಮಾತಿನಲ್ಲಿ ಕೇಳಿಬಿಟ್ಟರು, ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ತೀರ್ಮಾನವಾದದ್ದು ಇಷ್ಟು. ಸೋಬಾನೆ, ಬೀಸುವ ಪದ, ಮಕ್ಕಳನ್ನು ಆಡಿಸುವ ಪದ ಇವನ್ನು ಯಾರು ಬೇಕಾದರೂ ಕೇಳಲಿ, ಅಡ್ಡಿಯಿಲ್ಲ. ಗಂಡಸರು ಗಣೆ ಎಂಬ ಬಿದಿರಿನ ಕೊಳಲು ಊದುತ್ತ ಹಾಡುವ ಜುಂಜಪ್ಪನ ಕಥನ ನನ್ನ ಅಧ್ಯಯನದ ಹೊರಗಿನದು, ಅದಕ್ಕೆ ಬೇರೆಯಾಗಿ ಕೇಳಬೇಕು. ದೇವರ ಮುಂದೆ ಮಾತ್ರ ಹಾಡುವ ಕೆಲವು ಪದಗಳನ್ನು ಕೇಳಬಹುದು, ತುಂಬಿಸಿಕೊಳ್ಳುವಂತಿಲ್ಲ. ಇನ್ನು ದೊಡ್ಡಜ್ಜಿಗೆ ಮಾತ್ರ ಪೂರ್ತಿ ಬರುವ ಒಂದು ಪದವಿತ್ತು. ನನ್ನ ಪ್ರಬಂಧದ ಮೂರನೆಯ ಅಧ್ಯಾಯವೇ ಅದರ ಮೇಲೆ ನಿಂತಿತ್ತು. ಅದನ್ನು ಕೊಡುವುದಿಲ್ಲವೆಂದರು. ಕಾರಣ ಕೇಳಿದ್ದಕ್ಕೆ, ‘ಅದು ಸತ್ತೋರ ಹೆಸರು ಇರೋ ಪದ, ನಾನು ಹೋಗೋವಾಗ ಸೊಸೆಗೆ ಹೇಳಿ ಹೋಗ್ತೀನಿ’ ಎಂದಷ್ಟೇ ಹೇಳಿದರು. ಇಪ್ಪತ್ತು ಸಲ ಆ ಪದವನ್ನು ಅವರ ಮಡಿಲಲ್ಲಿ ಮಲಗಿ ಕೇಳಿದವಳು ನಾನು. ಅರ್ಧ ನನಗೆ ಬಾಯಿಗೇ ಬರುತ್ತದೆ. ಸಮಾಲೋಚನೆ ಇಲ್ಲದೆ ಹೋಗಿದ್ದರೆ ಮೊಮ್ಮಗಳ ಸಲಿಗೆಯಲ್ಲಿ ಮೊಬೈಲ್ ಪಕ್ಕಕ್ಕಿಟ್ಟು ಹಾಡಿಸಿಕೊಂಡು ಬಿಡುತ್ತಿದ್ದೆ, ಅವರೂ ಬೇಡವೆನ್ನುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಸಂಶೋಧಕಿಯಾಗಿ ಕೇಳಿದ್ದರಿಂದಲೇ ಅವರಿಗೆ ಇಲ್ಲವೆನ್ನಲು ಆಯಿತು. ನನ್ನ ಜಂಬ ಇಳಿದದ್ದು ಇಲ್ಲಿ.

ಔಷಧಿಯ ವಿಷಯ ಬೇಗ ಮುಗಿಯಿತು. ಕೇರಳದ ಅಗಸ್ತ್ಯ ಬೆಟ್ಟದ ಕಾಣಿ ಜನರ ಪ್ರಸಂಗವನ್ನು ಅಧ್ಯಾಪಕರು ಎರಡೂ ಮಗ್ಗುಲಿನಿಂದ ಹೇಳಿದರು. 1987ರಲ್ಲಿ ದಾರಿ ತೋರಿಸುತ್ತಿದ್ದ ಕಾಣಿಗಳು ದಣಿವಾರಿಸಿಕೊಳ್ಳಲು ತಿನ್ನುತ್ತಿದ್ದ ಕಾಯಿಯನ್ನು ವಿಜ್ಞಾನಿಗಳು ಗಮನಿಸಿದರು, ಆ ‘ಆರೋಗ್ಯಪಚ್ಚ’ದಿಂದ ‘ಜೀವನಿ’ ಎಂಬ ಔಷಧಿಯಾಯಿತು, ಪರವಾನಗಿಯ ಹಣದಲ್ಲಿ ಅರ್ಧ ಪಾಲು ಕಾಣಿಗಳ ಟ್ರಸ್ಟಿಗೆ ಹೋಯಿತು. ಆದರೆ ಮೊದಲಿಗೆ ಮಾತಾದದ್ದು ದಾರಿ ತೋರಿದ ಕೆಲವರೊಡನೆ ಮಾತ್ರವಾದ್ದರಿಂದ ಉಳಿದ ಕಾಣಿಗಳಿಂದ ಆಕ್ಷೇಪವೂ ಬಂತು. ನಮ್ಮ ಕುರಿಗಾಹಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಬೇರಿನ ಹೆಸರು, ಸೊಪ್ಪಿನ ಹೆಸರು ಬರೆಯುವುದು ಬೇಡ, ಕುರಿಗೆ ಯಾವ ಯಾವ ಕಾಯಿಲೆ ಬರುತ್ತದೆಂಬುದನ್ನು ಬೇಕಾದರೆ ಬರೆದುಕೋ ಎಂದರು. ಆ ಅಧ್ಯಾಯವನ್ನೇ ಕೈಬಿಟ್ಟೆ. ಮಾರ್ಗದರ್ಶಕರು ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಸಹಿಯ ಬಾಬತ್ತು ಈ ಸೇವೆಯ ದುರ್ಬಲ ಕೊಂಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿದೆ, ಸರಳವಾಗಿಯೂ ಇದೆ, ಆದರೆ ಕೊನೆಯಲ್ಲಿ ಹೆಬ್ಬೆಟ್ಟಿನ ಚೌಕ ನೋಡಿದ ಕೂಡಲೇ ಹೆಂಗಸರು ಹಿಂದೆ ಸರಿದರು. ಸಂಘದ ಸಾಲಕ್ಕೆ, ಜಮೀನಿನ ಪಾಲುಪಟ್ಟಿಗೆ, ಪಡಿತರಕ್ಕೆ ಹೆಬ್ಬೆಟ್ಟು ಒತ್ತಿ ಒತ್ತಿ, ಒತ್ತಿದ ಮೇಲೆ ಮಾತು ತಮ್ಮ ಕೈಯಲ್ಲಿರುವುದಿಲ್ಲವೆಂದು ಅವರು ಕಲಿತಿದ್ದಾರೆ. ಹಾಡಲು ಒಪ್ಪಿದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ‘ಬಾಯಲ್ಲಿ ಹೇಳ್ತೀವಿ, ಸಾಕು’ ಎಂದರು. ಸಾಕ್ಷಿಯ ಸಮ್ಮುಖದಲ್ಲಿ ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸಿಕೊಳ್ಳಬಹುದೆಂದು ತಂಡದವರು ಸ್ಥಳದಲ್ಲೇ ಒಪ್ಪಿದರೂ, ಕಚೇರಿಯ ಮೇಜಿನ ಮೇಲೆ ಆ ಏಳು ಮಂದಿಯ ಕಡತ ನಾಲ್ಕು ತಿಂಗಳು ಕೂತಿತು, ‘ನಮೂನೆಯಲ್ಲಿ ಅವಕಾಶವಿಲ್ಲ’ ಎಂಬ ಟಿಪ್ಪಣಿಯೊಡನೆ. ಕ್ಷೇತ್ರದಲ್ಲಿ ಇದ್ದ ವಿವೇಕ ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ಇತರ ಕುಂದುಗಳೂ ಇವೆ. ಕೆಲಸ ಬಿಟ್ಟು ಕೂಟಕ್ಕೆ ಬಂದವರಿಗೆ ಕೂಲಿ ಕಟ್ಟಿಕೊಡುವ ವ್ಯವಸ್ಥೆ ಇಲ್ಲ. ಬಿಸ್ಕತ್ತು ಮತ್ತು ಚಹಾ ಕೊಟ್ಟರು. ತಂಡದ ಸದಸ್ಯರಿಗೆ ಪ್ರಯಾಣ ಭತ್ಯೆಯಿದೆ, ಅರ್ಧ ದಿನದ ಕೂಲಿ ಕಳೆದುಕೊಂಡವರಿಗೆ ಏನೂ ಇಲ್ಲವೆಂಬುದು ನೋಡಲು ಚೆನ್ನಾಗಿಲ್ಲ. ಎರಡೂ ಕೂಟಗಳ ನಡಾವಳಿಯನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ಹಟ್ಟಿಯ ಗೌಡರ ಹೆಸರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದರು. ಗೌಡರು ಗಾಬರಿಯಿಂದ ನೋಟಿಸು ಬಂದಿದೆಯೆಂದು ನನಗೆ ಫೋನ್ ಮಾಡಿದರು. ಒಪ್ಪಿಗೆ ಕೊಟ್ಟ ಮೇಲೆ ಮನಸ್ಸು ಬದಲಾದರೆ ಯಾರಿಗೆ ಹೇಳಬೇಕೆಂಬುದಕ್ಕೆ ಪತ್ರದಲ್ಲಿ ಇಮೇಲ್ ವಿಳಾಸ ಮಾತ್ರ ಇದೆ, ಫೋನ್ ಸಂಖ್ಯೆ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಧ್ಯಯನ ಮುಗಿದ ಮೇಲೆ ಸಂಶೋಧಕರು ಮರಳಿ ಹೋಗಿ ತಾವು ಏನು ಬರೆದೆವೆಂದು ಹೇಳಬೇಕೆಂಬ ಕಡ್ಡಾಯವಿಲ್ಲ, ‘ಅಪೇಕ್ಷಣೀಯ’ ಎಂದಿದೆ. ನಮ್ಮಲ್ಲಿ ಅಪೇಕ್ಷಣೀಯವೆಂದರೆ ಏನೆಂದು ಎಲ್ಲರಿಗೂ ಗೊತ್ತು.

ಹೊರಗಿನ ಮಾದರಿಗಳೊಡನೆ ಹೋಲಿಸಿದರೆ ಕೊರತೆಯ ಮೂಲ ಕಾಣುತ್ತದೆ. ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿರುವ ಒಟಾಗೊ ವಿಶ್ವವಿದ್ಯಾಲಯ ಆ ಸೀಮೆಯ ನೈ ತಾಹು ಎಂಬ ಮಾವೊರಿ ಕುಲದೊಡನೆ ಸಂಶೋಧನೆಯ ಬಗ್ಗೆ ಸಮಾಲೋಚಿಸಲು ಆ ಕುಲದ ಹೆಸರಿನಲ್ಲೇ ಒಂದು ಸ್ಥಾಯಿ ಸಮಿತಿಯನ್ನು ಇಟ್ಟುಕೊಂಡಿದೆ. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿ ಸಂಹಿತೆಯನ್ನು ಹೊರಡಿಸಿ, ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಕ್ರಮ ಎಂಬ ಐದನ್ನು ಬರುವವರ ಮುಂದಿಟ್ಟರು. ಅಲ್ಲೆಲ್ಲ ಕೇಳಿಸಿಕೊಳ್ಳುವ ಪೀಠ ಮೊದಲೇ ಸಿದ್ಧವಿರುತ್ತದೆ, ಸಂಶೋಧಕ ಅದರ ಮುಂದೆ ಹೋಗಿ ನಿಲ್ಲಬೇಕು. ಇಲ್ಲಿ ಪ್ರತಿ ಅರ್ಜಿಗೂ ವಿಶ್ವವಿದ್ಯಾಲಯವೇ ತಂಡ ಕಟ್ಟಿಕೊಂಡು ಬರುತ್ತದೆ, ಮುಗಿದ ಮೇಲೆ ತಂಡ ಚದುರುತ್ತದೆ. ನನ್ನ ಅರ್ಜಿಗೆ ಬಂದ ಆರೋಗ್ಯ ಸಹಾಯಕಿ ಸಿಕ್ಕದ್ದು ನನ್ನ ಪುಣ್ಯ. ಮುಂದಿನ ಅರ್ಜಿದಾರರಿಗೆ ಅಂಥವರೇ ಸಿಗುತ್ತಾರೆಂಬ ಭರವಸೆ ನಿಯಮದಲ್ಲಿಲ್ಲ.

ನಮ್ಮ ಸೀಮೆಯಲ್ಲಿ ‘ನಿಮ್ಮನ್ನು ಕೇಳಲು ಬಂದಿದ್ದೇವೆ’ ಎಂಬ ಮಾತಿಗೆ ಜನ ಬೇಗ ನಂಬಿಕೆ ಕೊಡುವುದಿಲ್ಲ, ಅದಕ್ಕೂ ಕಾರಣವಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದದ್ದು ತಮಗೆ ಗೊತ್ತಾದದ್ದೇ ಬೇಲಿ ಏಳುವಾಗ ಎಂದು ಕುರಿಗಾಹಿಗಳು ಇಂದಿಗೂ ಹೇಳುತ್ತಾರೆ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಎರಡನೆಯ ಕೂಟದಲ್ಲಿಯೂ ಒಬ್ಬರು, ‘ಬೇಡ ಅಂದ್ರೆ ನಿಜವಾಗ್ಲೂ ಬಿಡ್ತೀರಾ?’ ಎಂದು ಎರಡೆರಡು ಸಲ ಕೇಳಿದರು. ಬಿಟ್ಟರು. ನನ್ನ ಒಂದೂವರೆ ಅಧ್ಯಾಯ ಹೋಯಿತು. ಅದಕ್ಕಾಗಿಯೇ ಈ ಸೇವೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಚೇರಿಯ ನಡವಳಿಕೆಗೆ ಮಾತ್ರವಾದರೆ ಒಂದೂವರೆ ದಾಟುತ್ತಿರಲಿಲ್ಲ.

ಬಳಸಬೇಕೆಂದಿರುವವರು ಒಂದೆರಡು ಸಂಗತಿ ತಿಳಿದಿರಲಿ. ಅರ್ಜಿಯಿಂದ ಕೊನೆಯ ಪತ್ರದವರೆಗೆ ನನಗೆ ಹದಿಮೂರು ತಿಂಗಳಾಯಿತು, ಆದ್ದರಿಂದ ನೋಂದಣಿಯಾದ ವಾರದಲ್ಲೇ ಅರ್ಜಿ ಕೊಡುವುದು ಒಳ್ಳೆಯದು. ಬೇಸಿಗೆಯಲ್ಲಿ ಮಂದೆಗಳು ಮೇವು, ನೀರು ಹುಡುಕಿಕೊಂಡು ದಾವಣಗೆರೆಯ ಕಡೆ ಭದ್ರಾ ನಾಲೆಯ ಗದ್ದೆ ಬಯಲಿಗೆ ಇಳಿದಾಗ ಹಟ್ಟಿಗಳಲ್ಲಿ ಅರ್ಧ ಜನ ಇರುವುದಿಲ್ಲ, ಕೂಟದ ದಿನವನ್ನು ಮಳೆ ಹಿಡಿದ ಮೇಲೆ ಕೇಳಿಕೊಳ್ಳಬೇಕು. ಎರಡನೆಯ ಕೂಟ ಐಚ್ಛಿಕ, ಅರ್ಜಿಯ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿದೆ. ಅದನ್ನು ಬಾಯಿಬಿಟ್ಟು ಕೇಳಿದರೆ ಮಾತ್ರ ಕೊಡುತ್ತಾರೆ. ಕೇಳಿ.

ಕಳೆದ ತಿಂ‌ಗಳು ಧ್ವನಿಮುದ್ರಿಸಿಕೊಂಡ ಪದಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ದೊಡ್ಡಜ್ಜಿಯ ಕೈಗೆ ಕೊಟ್ಟುಬಂದೆ. ಅದನ್ನು ತಿರುವಿ ಮುರುವಿ ನೋಡಿ, ಎಲೆಯಡಿಕೆಯ ಸಂಚಿಯೊಳಗೆ ಹಾಕಿ, ದಾರ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೇಳಿಸಲು ಹಟ್ಟಿಯಲ್ಲಿ ಯಾರ ಹತ್ತಿರವಾದರೂ ಸ್ಪೀಕರ್ ಇದೆಯೇ ಎಂದು ವಿಚಾರಿಸಿದೆ. ‘ಐತೆ ಬಿಡು, ಆದ್ರೆ ನನ್ನ ಕೇಳ್ದೆ ಯಾರೂ ಹಾಕಂಗಿಲ್ಲ’ ಎಂದರು.